ಸಿಡಿಯದ ಉಪ್ಪು

ಆಷಾಢದ ಗಾಳಿ ಬೆಳಗಿನಿಂದಲೇ ಎದ್ದಿತ್ತು. ಭಾಗ್ಯನಗರದ ಆಚೆಯ ಹೊಲಗಳಲ್ಲಿ ಹೆಸರಿನ ಬೆಳೆಗೆ ಎಡೆ ಹೊಡೆಯುವವರು ತಲೆಗೆ ಟವೆಲು ಬಿಗಿದು ಎತ್ತುಗಳ ಹಿಂದೆ ಬಾಗಿ ನಡೆದಿದ್ದರು. ಇತ್ತ ಶೆಡ್ಡಿನ ತಗಡು ಒಂದೇ ಸಮ ಬಡಿದುಕೊಳ್ಳುತ್ತಿತ್ತು. ಹುಸೇನಪ್ಪ ಬಾಗಿಲಿಗೆ ಗೋಣಿತಾಟು ಇಳಿಬಿಟ್ಟು, ಬಾಯಿಗೆ ಬಟ್ಟೆ ಕಟ್ಟಿಕೊಂಡು ಬಿಳಿ ಪುಡಿಯ ಚೀಲದ ಹೊಲಿಗೆ ಬಿಚ್ಚಿದ. ಎಷ್ಟು ಮೆಲ್ಲಗೆ ಬಿಚ್ಚಿದರೂ ಪುಡಿ ಏಳುತ್ತದೆ, ರೆಪ್ಪೆಯ ಮೇಲೆ, ಕಿವಿಯ ಸುತ್ತ, ಮುಂಗೈ ಕೂದಲಿನ ಬುಡದಲ್ಲಿ ಕೂರುತ್ತದೆ. ಕಾಳಿನಂಥ ಪ್ಲಾಸ್ಟಿಕ್ಕಿನ ದಾಣಾ ಕಡಿಮೆ, ಪುಡಿಯೇ ಹೆಚ್ಚು. ಎರಡನ್ನೂ ಕೂಡಿಸಿ ಮಷೀನಿನ ಬಾಯಿಗೆ ಹಾಕಿದರೆ ಅದು ಒಳಗೇ ಕಾಯಿಸಿ, ತಿರುವಿ, ಶಾವಿಗೆ ಎಳೆದಂತೆ ಎಳೆಗಳನ್ನು ನೀರಿನ ತೊಟ್ಟಿಗೆ ಬಿಡುತ್ತಿತ್ತು. ತಣ್ಣಗಾದ ಎಳೆಯನ್ನು ಮುಂದಿನ ಬ್ಲೇಡು ಮತ್ತೆ ದಾಣಾ ಮಾಡಿ ಕತ್ತರಿಸುತ್ತಿತ್ತು. ಆ ದಾಣಾ ತಂತಿ ಕಂಪನಿಗೆ ಹೋಗಿ, ತಾಮ್ರದ ಮೇಲಿನ ಹೊದಿಕೆಯಾಗುವಂಥದು. ಪಕ್ಕದ ಓಣಿಯ ಕೂದಲಿನ ಕಾರ್ಖಾನೆಯಲ್ಲಿ ಹೆಂಗಸರು ಕೂದಲು ಬಿಡಿಸಲು ಕೂತಿದ್ದರೆಂದು ತೋರುತ್ತದೆ. ಗಾಳಿಗೆ ಒಂದೊಂದೇ ಉದ್ದನೆಯ ಕೂದಲು ಗೋಣಿತಾಟಿನ ಸಂದಿಯಿಂದ ತೂರಿ ಬಂದು ತೊಟ್ಟಿಯ ನೀರಿನ ಮೇಲೆ ಮಲಗುತ್ತಿತ್ತು. ಹುಸೇನಪ್ಪ ಅದನ್ನು ಬೆರಳಿಗೆ ಸುತ್ತಿ ತೆಗೆಯುತ್ತಿದ್ದ. ತೆಗೆದಷ್ಟೂ ಬರುತ್ತಿತ್ತು. ಯಾರ ತಲೆಯದೋ ಏನೋ, ಯಾವ ಗುಡ್ಡದ ದೇವರಿಗೆ ಹರಕೆ ಕೊಟ್ಟದ್ದೋ. ಕೊಟ್ಟವಳು ಕೊಟ್ಟೆನೆಂದು ಮನೆಗೆ ಹೋಗಿ ನಿಶ್ಚಿಂತೆಯಿಂದ ಉಂಡಿದ್ದಾಳೆ, ಅದು ಇಲ್ಲಿ ತೊಟ್ಟಿಯಲ್ಲಿ ತೇಲುತ್ತಿದೆ ಎಂದು ಅವಳಿಗೆ ಯಾರು ಹೇಳಬೇಕು ಎಂದುಕೊಂಡ. ಅಂದುಕೊಂಡ ಕೂಡಲೇ ಬೆರಳಿನ ಕೂದಲನ್ನು ಅಂಗಿಗೆ ಒರೆಸಿಕೊಂಡ.

ಇವತ್ತು ಮಧ್ಯಾಹ್ನಕ್ಕೆ ಬಿಡಿಸಿಕೊಂಡು ತಾವರಗೇರಾ ಹತ್ತಿರದ ತನ್ನ ಊರಿಗೆ ಹೋಗಬೇಕಿತ್ತು. ಊರಿನ ಮಸೂತಿ ಮುಂದೆ ಅಲಾಯಿ ಕುಣಿಗೆ, ಮೊಹರಮ್ಮಿನ ಬೆಂಕಿಗುಂಡಿಗೆ, ಇವತ್ತು ಬೆಂಕಿ. ಹೋಗಬೇಕೆಂದು ಮಾಲಕ ಸುಭಾಷನಿಗೆ ವಾರದ ಹಿಂದೆಯೇ ಹೇಳಿದ್ದ, ಹೇಳುವಾಗಲೇ ಅವನು ಬೇಡವೆಂದರೆ ಒಳ್ಳೆಯದಿತ್ತು ಎಂದೂ ಅನ್ನಿಸಿತ್ತು. ಸುಭಾಷ್ ಬೇಡವೆನ್ನಲಿಲ್ಲ. "ತಂತಿ ಕಂಪನಿಯವರು ಬರಾವ್ರದಾರ ಹುಸೇನಣ್ಣ, ಅವರ ಮುಂದ ಒಮ್ಮೆ ಸುಟ್ಟು ತೋರ್ಸಿ ನಡಿ ನೀ," ಎಂದಿದ್ದ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದ ಹುಡುಗ, ಇವನನ್ನು ಅಣ್ಣ ಎಂದೇ ಕರೆಯುತ್ತಿದ್ದ, ಕೆಲಸದ ಗುಟ್ಟನ್ನು ಬಚ್ಚಿಟ್ಟವನಲ್ಲ. ಶೆಡ್ಡು ಹಾಕಿದ ಹೊಸತರಲ್ಲಿ ಚಹಾ ಕುಡಿಯುತ್ತ ಹೇಳಿದ್ದ: "ಹಳೇ ತಂತಿ ಸುಟ್ರ ಕರೀ ಹೊಗಿ ಏಳತಿತ್ತು. ಆ ಹೊಗಿ ಎದಿಗೆ ಹೋದ್ರ ಒಳಗಿನ ಪಸಿ ಕೂಡಿ ಆಸಿಡ್ ಆಗತೈತಿ. ಬೆಂಕಿ ಬರೂಕಿಂತ ಮೊದಲ ಹೊಗಿನ ಕೊಂದಿರತೈತಿ. ಅದರಾಗ ಕ್ಲೋರಿನ್ನು, ಬ್ರೋಮಿನ್ನು ಅಂತ ಇರ್ತಾವ. ಹ್ಯಾಲೊಜನ್ ಅಂತಾರ ಅವಕ್ಕ, ಉಪ್ಪು ಹುಟ್ಟಿಸುವಂಥವು ಅಂತ ಅರ್ಥ. ನಮ್ಮ ಮಾಲಿನಾಗ ಅವು ಇಲ್ಲ."

"ಅಂದ್ರ ಉಪ್ಪಿಲ್ಲದ ಅಡಿಗಿ ಅನ್ರಿ," ಎಂದು ಹುಸೇನಪ್ಪ ನಕ್ಕಿದ್ದ. ಆಗ ನಗುವ ಕಾಲ. "ಮತ್ತ ಈ ಪುಡಿ ಹ್ಯಾಂಗ ಆರಸತೈತಿ?"

"ಇದರ ಹೊಟ್ಟ್ಯಾಗ ನೀರು ಐತಿ. ಮುಟ್ಟಿದ್ರ ಒಣಾ ಇರತೈತಿ, ಬೆಂಕಿ ಹತ್ತಿದಾಗಷ್ಟ ಬಿಡತೈತಿ. ನೀರು ಬಿಟ್ಟ ಮ್ಯಾಲೆ ಬಿಳೀ ಬೂದಿ ಆಗಿ ಮುಚ್ಚಿ ಕೂಡತೈತಿ. ಬೆಂಕಿಗೆ ಉಸಿರ ಸಿಗಂಗಿಲ್ಲ."

ಉಪ್ಪಿಲ್ಲದ ಅಡಿಗೆ ಎಂದು ತಾನು ಆವತ್ತು ಆಡಿದ ಮಾತು ಈಗ ಬೇರೆ ಯಾರೋ ಹಿಂದೆ ನಿಂತು ಆಡಿದಂತೆ ಕೇಳುತ್ತಿತ್ತು. ಹೋದ ವರ್ಷದ ಮೊಹರಮ್ಮಿನಿಂದ ಅವನ ತಾಯಿ ಹುಲಿಗವ್ವ ಉಪ್ಪು ಬಿಟ್ಟಿದ್ದಳು. ರೊಟ್ಟಿಗೆ ಉಪ್ಪಿಲ್ಲ, ಪಲ್ಯಕ್ಕಿಲ್ಲ, ಅಂಬಲಿಗಿಲ್ಲ. ಊರಲ್ಲಿ ತಮ್ಮ ಯಮನೂರಪ್ಪ, ಅವನ ಹೆಂಡತಿ ಎಷ್ಟು ಬೇಡಿಕೊಂಡರೂ ಕೇಳಲಿಲ್ಲ. ಮೈ ಇಳಿಯಿತು, ನಿಂತರೆ ಕಣ್ಣು ಕತ್ತಲೆ ಬರುತ್ತದೆಂದು ಗೋಡೆ ಹಿಡಿದು ನಡೆಯತೊಡಗಿದಳು. ದಿನಾ ಸಂಜೆ ಮಾತ್ರ ತಮ್ಮನ ಫೋನಿನಿಂದ ಹುಸೇನಪ್ಪನಿಗೆ ಫೋನು ಬರುವುದು ತಪ್ಪಲಿಲ್ಲ. "ಬಂದ್ಯಾ ಮನಿಗೆ?" "ಬಂದೀನಬೇ." "ಮೈಯಾಗ ಛಲೋ ಐತಿಲ್ಲ?" "ಛಲೋ ಐತಿ." "ಬೆಂಕಿ ಕೆಲಸ ಐತಿ, ನೋಡ್ಕೊಂಡ ಮಾಡಪಾ." ಅಷ್ಟೇ ಮಾತು. ಫೋನು ಇಟ್ಟ ಮೇಲೆ ಹೆಂಡತಿ ಅನುಸೂಯಾ ತಾಟು ಮುಂದಿಡುತ್ತಿದ್ದಳು. ಸಾರಿನಲ್ಲಿ ಉಪ್ಪು ಸರಿಯಾಗಿ ಬಿದ್ದಿರುತ್ತಿತ್ತು. ಅದು ಸರಿಯಾಗಿ ಬಿದ್ದಿದೆಯೆಂದು ನಾಲಿಗೆಗೆ ಗೊತ್ತಾಗುವುದನ್ನೇ ಅವನಿಗೆ ಸಹಿಸಲಾಗುತ್ತಿರಲಿಲ್ಲ.

ಕಂಪನಿಯವರ ಕಾರು ಬಂತು. ಇಬ್ಬರು ಇಳಿದರು. ಒಬ್ಬ ಮೂಗಿಗೆ ಕರವಸ್ತ್ರ ಹಿಡಿದುಕೊಂಡೇ ಇದ್ದ. ಇನ್ನೊಬ್ಬ ಚೀಲ ಮುಟ್ಟಿ ನೋಡಿ, ಪುಡಿ ಬಳಿದುಕೊಂಡು ನಿಂತ ಹುಸೇನಪ್ಪನನ್ನೂ ಅದೇ ಕಣ್ಣಿನಿಂದ ನೋಡಿದ. "ಏನಪ್ಪಾ ನಿನ್ನ ಹೆಸರು?"

"ಹುಸೇನಪ್ಪ ರೀ."

"ಹುಸೇನ್ ಅಂತೀಯ, ಹಣೆಗೆ ವಿಭೂತಿ ಹಚ್ಚಿದೀಯ. ಯಾವ ಕಡೆಯವನು ನೀನು?"

"ನಮ್ಮ ಕಡೆ ಹಂಗ ರೀ ಸರ್, ಹರಕಿ ಹೆಸರು," ಎಂದು ಸುಭಾಷ್ ನಕ್ಕ. ಬಂದವರೂ ನಕ್ಕರು. ಹುಸೇನಪ್ಪನೂ ನಕ್ಕ. ನಕ್ಕ ಮೇಲೆ ತಾನೇಕೆ ನಕ್ಕೆ ಎಂದು ತಿಳಿಯಲಿಲ್ಲ. ತನಗಿಂತ ಮುಂಚೆ ಹುಟ್ಟಿದ ಕೂಸುಗಳು ಒಂದೂ ಉಳಿಯದೆ, ಹೊಟ್ಟೆ ತುಂಬ ತನ್ನನ್ನು ಹೊತ್ತು ಅಲಾಯಿ ಕುಣಿಯ ಮುಂದೆ ನಿಂತು, ಈತನಾದರೂ ಉಳಿದರೆ ನಿನ್ನ ಹೆಸರಿಡುತ್ತೇನೆ, ನಾನಿರುವ ತನಕ ವರ್ಷವರ್ಷ ಇವನ ಹೆಸರಲ್ಲಿ ನಿನ್ನ ಬೆಂಕಿಗೆ ಉಪ್ಪು ಹಾಕುತ್ತೇನೆ ಎಂದ ಹೆಂಗಸಿನ ಮುಂದೆ ಇವರು ಹೀಗೆ ನಗುತ್ತಿದ್ದರೇ? ನಗುತ್ತಿದ್ದರೇನೋ. ಆಗಲೂ ತಾನು ಅವರ ಜೊತೆ ಹೀಗೇ ಹಲ್ಲು ಬಿಡುತ್ತಿದ್ದ.

ಹುಸೇನಪ್ಪ ಮಾಲಿನಿಂದ ಮಾಡಿದ ಪ್ಲಾಸ್ಟಿಕ್ ಪಟ್ಟಿಯೊಂದನ್ನು ಕಬ್ಬಿಣದ ಚಿಮುಟಿಗೆ ಸಿಗಿಸಿ ನೆಟ್ಟಗೆ ತೂಗುಬಿಟ್ಟ. ಕೆಳಗೆ ಒಂದು ತುತ್ತು ಅರಳೆ ಹರಡಿದ. ಉರಿಯುವ ಹನಿ ಅರಳೆಯ ಮೇಲೆ ಬಿದ್ದು ಅದು ಹೊತ್ತಿಕೊಂಡರೆ ಮಾಲು ಕೆಟ್ಟದ್ದು, ತಾನಾಗಿ ಆರಿದರೆ ಒಳ್ಳೆಯದು. ಗ್ಯಾಸಿನ ಉರಿಯನ್ನು ಪಟ್ಟಿಯ ತುದಿಗೆ ಹಿಡಿದು, ಸುಭಾಷ್ ಸಾಕೆಂದಾಗ ತೆಗೆದ. ಪಟ್ಟಿ ಆರಲಿಲ್ಲ. ಚುರ್ ಚುರ್ ಎನ್ನುತ್ತ ಉರಿ ಮೇಲೇರಿತು, ಹನಿ ಬಿತ್ತು, ಅರಳೆ ಭಗ್ ಎಂದಿತು. ಹುಸೇನಪ್ಪನಿಗೆ ಒಮ್ಮೆಲೇ ಎಂಥದೋ ಹಿಗ್ಗು ಬಂತು. ಸದ್ದು ಮಾಡಿತು! ಬೆಂಕಿ ತಗೊಂಡಿತು! ಸುಭಾಷನ ಮುಖ ಕಪ್ಪಿಟ್ಟದ್ದನ್ನು ಕಂಡಾಗಷ್ಟೇ ತನ್ನ ಹಿಗ್ಗಿಗೆ ತಾನೇ ಹೆದರಿದ. "ಏನ್ ಹುಸೇನಣ್ಣ, ಮಷೀನು ಶುರು ಮಾಡಿದಾಗ ಬಂದ ಮೊದಲನೇ ತುಂಡು ತಂದೀಯೇನ? ಅದರಾಗ ಪುಡಿ ಎಲ್ಲಿರತೈತಿ? ಲಕ್ಷ್ಯ ಎಲ್ಲಿ ಐತೋ ಮಾರಾಯ!" ಹೌದು, ಹಾಗೇ ಆಗಿತ್ತು. ಎರಡೂ ತುಂಡು ಬೆಂಚಿನ ಮೇಲೆ ಅಕ್ಕಪಕ್ಕ ಇದ್ದವು, ಎರಡೂ ಬೆಳ್ಳಗಿದ್ದವು. ಕೈ ಮೊದಲು ಸಿಕ್ಕದ್ದನ್ನು ಎತ್ತಿಕೊಂಡಿತ್ತು. ಅವನು ಸರಿಯಾದ ಪಟ್ಟಿ ಸಿಗಿಸಿ, ಹೊಸ ಅರಳೆ ಹರಡಿ, ಮತ್ತೆ ಉರಿ ಹಿಡಿದ. ತೆಗೆದ ಕೂಡಲೇ ಜ್ವಾಲೆ ಕುಗ್ಗಿತು, ತುದಿಯ ಮೇಲೆ ಬೂದು ಪದರ ಮೂಡಿತು, ಅಷ್ಟರಲ್ಲಿ ಬೆಂಕಿಯೇ ಇರಲಿಲ್ಲ. ಮೂಗಿಗೆ ಕರವಸ್ತ್ರ ಹಿಡಿದವನು ಅದನ್ನು ತೆಗೆದು, "ಗುಡ್. ಹೊಗೇನೂ ಇಲ್ಲ, ಸದ್ದೂ ಇಲ್ಲ," ಎಂದ.

ಸದ್ದೂ ಇರಲಿಲ್ಲ. ಹೋದ ವರ್ಷ ಅಲಾಯಿ ಕುಣಿಯ ಮುಂದೆಯೂ ಇರಲಿಲ್ಲ. ಆವತ್ತು ಹೊತ್ತು ಮುಳುಗಲು ಬಂದಿತ್ತು. ಕುಣಿಯ ಕಟ್ಟಿಗೆ ಉರಿದು ಇಳಿದು ಬರೇ ಕೆಂಡ ಉಳಿದಿತ್ತು. ಹಲಗೆ ಬಡಿಯುವವರ ಮೈಯೆಲ್ಲ ಬೆವರು. ಹುಸೇನಪ್ಪ ಕೆಲಸ ಬಿಟ್ಟವನೇ ಬಸ್ಸು ಹತ್ತಿ ಮನೆಗೂ ಹೋಗದೆ ನೇರ ಮಸೂತಿಗೆ ಬಂದಿದ್ದ. ಚೀಲದಲ್ಲಿ ಎರಡು ಪೊಟ್ಟಣ. ಒಂದು, ತಾಯಿ ಹೇಳಿದಂತೆ ತನ್ನ ದುಡಿಮೆಯಲ್ಲಿ ಕೊಂಡ ಹರಳುಪ್ಪು. ಇನ್ನೊಂದು, ತಮ್ಮನ ಹೆಂಡತಿಗೆ ರಂಗೋಲಿಗೆಂದು ಕಟ್ಟಿದ ಶೆಡ್ಡಿನ ಪುಡಿ. ಕೆಳಗೆ ಚೆಲ್ಲಿದ್ದನ್ನು ಗುಡಿಸಿ ಒಯ್ದು ಶೆಡ್ಡಿನವರೆಲ್ಲರ ಮನೆ ಮುಂದೆ ಅದರದೇ ರಂಗೋಲಿ. ಎರಡಕ್ಕೂ ಒಂದೇ ಪೇಪರಿನ ಹಾಳೆ, ಚೀಲದ ಹೊಲಿಗೆಯಿಂದ ಬಿಚ್ಚಿದ ಒಂದೇ ಬಿಳಿ ದಾರ. ಕಟ್ಟೆಯ ಮೇಲೆ ಕೂತಿದ್ದ ತಾಯಿ ಕೈ ಚಾಚಲಿಲ್ಲ. ಉಪ್ಪನ್ನು ಕೈಯಿಂದ ಕೈಗೆ ಕೊಡಬಾರದು, ಕೊಟ್ಟರೆ ಕೊಟ್ಟವರಿಗೂ ತಗೊಂಡವರಿಗೂ ಮನಸು ಮುರಿಯುತ್ತದೆ. ಕೆಳಗಿಡಬೇಕು, ಅವರು ಎತ್ತಿಕೊಳ್ಳಬೇಕು. ಅವನು ಒಂದು ಪೊಟ್ಟಣ ತೆಗೆದು ಕಟ್ಟೆಯ ಮೇಲಿಟ್ಟ, ಇಟ್ಟಾಗ ಅದು ಮೆತ್ತಗಿತ್ತು. ಇದಲ್ಲ ಎಂದುಕೊಂಡು ಉಪ್ಪಿಗಾಗಿ ಮತ್ತೆ ಚೀಲದಲ್ಲಿ ಕೈ ಹಾಕಿದ. ಅಷ್ಟರಲ್ಲಿ ಪರೆ ಬಂದ ಕಣ್ಣಿನ ತಾಯಿ ಕಟ್ಟೆ ಸವರಿ ಅದನ್ನು ಎತ್ತಿ ಹಣೆಗೊತ್ತಿಕೊಂಡು ನಡೆದಿದ್ದಳು. ಅವನು ನೋಡಿದ. ನೋಡಿದ ಎಂಬುದನ್ನು ಆಮೇಲೆ ಎಷ್ಟು ಸಲ ತಿಕ್ಕಿದರೂ ಅಳಿಸಲಾಗಲಿಲ್ಲ. ಅವಳ ಬೆನ್ನು ಕಾಣುತ್ತಿತ್ತು. ಕೂಗಿದ್ದರೆ, ಹಲಗೆಯ ಸದ್ದಿದ್ದರೂ, ಮಗನ ದನಿ ತಾಯಿಗೆ ಕೇಳುತ್ತಿತ್ತು. ಹರಕೆ ಒಪ್ಪಿಸಲು ಹೊರಟವರನ್ನು ಹಿಂದಿನಿಂದ ಕರೆಯಬಾರದೆಂದು ಸುಮ್ಮನಾದೆ ಎಂದು ವರ್ಷವಿಡೀ ತನಗೆ ತಾನೇ ಹೇಳಿಕೊಂಡಿದ್ದ. ಆದರೆ ಬಾಯಿ ತೆರೆದಾಗ ಅವನ ಕಣ್ಣಿಗೆ ಬಿದ್ದದ್ದು ಎದುರಿಗೆ ನಿಂತ ಅಮರಪ್ಪನ ಮೀಸೆ. ಊರಿನ ಯಾರನ್ನೂ ಬಿಡದೆ ಆಡಿಕೊಳ್ಳುವ ಮನುಷ್ಯ. ಫ್ಯಾಕ್ಟರಿಯಿಂದ ಬಂದವ ದೇವರಿಗೆ ಉಪ್ಪಿನ ಬದಲು ರಂಗೋಲಿ ತಂದಾನ ನೋಡ್ರೋ ಎಂದು ನಾಳೆ ಚಹಾದಂಗಡಿಯಲ್ಲಿ ಅವನು ಹೇಳುವುದು ಕೇಳಿದಂತಾಗಿತ್ತು. ಆ ನಗುವಿಗೆ ಹೆದರಿದ್ದ. ಅದಕ್ಕಿಂತ ದೊಡ್ಡ ಕಾರಣ ಎಷ್ಟು ಕೆದಕಿದರೂ ಸಿಗಲಿಲ್ಲ.

ಮುಂದಿನವರು ಚೆಲ್ಲಿದ ಉಪ್ಪು ಚಟ ಚಟ ಸಿಡಿದಾಗ, ದೇವರು ತಗೊಂಡನೆಂದು ಜನ "ದೂಲಾ, ದೂಲಾ" ಎಂದರು. ಹುಲಿಗವ್ವ ಹಾಳೆ ಬಿಚ್ಚಿ ಕೊಡವಿದಳು. ಪುಡಿ ಕೆಂಡದ ಮೇಲೆ ಬಿಳಿ ಅರಿವೆ ಹಾಸಿದಂತೆ ಇಳಿಯಿತು. ಸಿಡಿಯಲಿಲ್ಲ. ಕೆಂಡದ ಕೆಂಪು ಅಡಿಯಲ್ಲಿ ಮಿಣುಕಿ, ಮಂಕಾಗಿ, ಒಂದು ತಾಟಿನಗಲ ಜಾಗ ಬೂದಿಬಣ್ಣವಾಯಿತು. ತಾಯಿ ಕಿವಿ ಮುಂದೆ ಮಾಡಿ ನಿಂತೇ ಇದ್ದಳು. "ಯಾರದಬೇ ಈ ಮೂಕ ಉಪ್ಪು?" ಎಂದ ಅಮರಪ್ಪ. "ಹುಲಿಗವ್ವಾ, ನಿನ್ನ ಮಗನ್ನ ದೇವ್ರು ಒಲ್ಲೆ ಅಂದ ನೋಡವಾ!" ಜನ ನಕ್ಕರು. ದೇವರ ಮುಂದಿನ ಊದಿನ ಹೊಗೆ ನೋಡಿಕೊಳ್ಳುವ ಮುದುಕಿ ದಾವಲಬೀ, "ಹಬ್ಬದ ದಿನ ನಾಲಿಗಿ ಬಿಗಿ ಹಿಡಿಯೋ ಅಮರ್‍ಯಾ, ನಿನ್ನ ಹೆಣ ಎತ್ಲಿ," ಎಂದು ಬೈದಳು. ಅದಕ್ಕೂ ಜನ ನಕ್ಕರು. ಹುಲಿಗವ್ವ ತಿರುಗಿ ಮಗನನ್ನು ನೋಡಿದಳು, ಅವನಲ್ಲಿ ಏನಾದರೂ ಆಗಲೇ ಕಡಿಮೆಯಾಗಿದೆಯೇ ಎನ್ನುವಂತೆ. ಅವನ ಚೀಲದಲ್ಲಿ ಉಪ್ಪು ಹಾಗೇ ಇತ್ತು. ದೇವರು ನನ್ನ ಉಪ್ಪು ತಗೊಳ್ಳುವ ತನಕ ನಾನೂ ತಗೊಳ್ಳುವುದಿಲ್ಲ ಎಂದು ಅವಳು ಅವತ್ತಿನ ಊಟಕ್ಕೇ ಹೇಳಿದಳು. ಚೀಲ ಭಾಗ್ಯನಗರಕ್ಕೆ ವಾಪಸು ಬಂತು. ಅನುಸೂಯಾ ಪೊಟ್ಟಣ ಬಿಚ್ಚಿ, "ಉಪ್ಪು ತಂದೀರಿ? ಛಲೋ ಆತು," ಎಂದು ಉಪ್ಪಿನ ಗಡಿಗೆಗೆ ಸುರಿದಳು. ಅವನು ಆಗಲೂ ನೋಡುತ್ತಿದ್ದ. ದೇವರಿಗೆಂದು ತಂದದ್ದನ್ನು ಗಂಡ ಹೆಂಡತಿ ಉಂಡರು.

ಇವತ್ತು ಬಸ್ಸು ಕುಷ್ಟಗಿ ದಾಟುವಾಗ ಹೊತ್ತು ಇನ್ನೂ ಮೇಲಿತ್ತು. ಕೆಂಪು ಮಣ್ಣು ಗಾಳಿಗೆದ್ದು ಕಿಟಕಿಯಿಂದ ಒಳಗೆ ಬರುತ್ತಿತ್ತು. ಹರಕೆಯ ದಾರವಾದ ಲಾಡಿ ಕಟ್ಟಿಕೊಂಡು ಫಕೀರರಾದ ಮಕ್ಕಳು ಒಂದು ಊರಿನ ಸ್ಟಾಪಿನಲ್ಲಿ ನವಿಲುಗರಿ ಹಿಡಿದು ನಿಂತಿದ್ದರು. ಈ ಸಲವೂ ಅವನ ಚೀಲದಲ್ಲಿ ಎರಡಿದ್ದವು: ಕೊಪ್ಪಳದಲ್ಲಿ ಕೊಂಡ ಉಪ್ಪು ಅಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿ, ಒಂದು ಹಿಡಿ ಪುಡಿ ಕರವಸ್ತ್ರದ ಗಂಟಿನಲ್ಲಿ. ಯಾವುದು ಎಲ್ಲಿದೆ ಎಂದು ದಾರಿಯುದ್ದಕ್ಕೂ ಮುಟ್ಟಿ ಮುಟ್ಟಿ ನೋಡಿಕೊಂಡ. ಪಕ್ಕದಲ್ಲಿ ಕೂತವನು, "ಏನ್ರಿ, ಬಂಗಾರ ಐತೇನ?" ಎಂದ.

ಮನೆಯಿಂದ ತಮ್ಮನೂ ಅವನ ಹೆಂಡತಿಯೂ ಮಸೂತಿಗೆ ಸಿಹಿ ಚೊಂಗೆಯ ಎಡೆ ಒಯ್ದಿದ್ದರು. ತಾಯಿ ಒಲೆಯ ಪಕ್ಕ ಗೋಡೆಗೊರಗಿ ಕೂತಿದ್ದಳು. ರೊಟ್ಟಿ ಬೇಯಿಸಿದ ಒಲೆಯಲ್ಲಿ ಕೆಂಡ ಇನ್ನೂ ಇತ್ತು. ಮಗನ ಮುಖವನ್ನು ಕಣ್ಣಿನಿಂದಲ್ಲ, ಎರಡೂ ಅಂಗೈಯಿಂದ ನೋಡಿದಳು. ಹಣೆ, ಕೆನ್ನೆ, ಕತ್ತು. ಆ ಕೈಗಳಲ್ಲಿ ತೂಕವೇ ಇರಲಿಲ್ಲ.

"ಅವ್ವಾ, ಹೋದ ವರ್ಷ ನೀ ಹಾಕಿದ್ದು ಉಪ್ಪಲ್ಲಬೇ," ಎಂದ. ಹೇಗೆ ಹೇಗೆ ಸುತ್ತಿ ಹೇಳಬೇಕೆಂದು ಬಸ್ಸಿನಲ್ಲಿ ಜೋಡಿಸಿಕೊಂಡದ್ದೆಲ್ಲ ಎಲ್ಲಿ ಹೋಯಿತೋ. "ನನ್ನ ಶೆಡ್ಡಿನ ಪುಡಿ ಅದು. ಬೆಂಕಿ ಆರಸೂ ಪುಡಿ. ಪೊಟ್ಟಣ ಅದಲಬದಲ ಆತು. ದೇವ್ರು ಒಲ್ಲೆ ಅಂದಿಲ್ಲ."

ಹುಲಿಗವ್ವ ನಕ್ಕಳು. "ಯಾರು ಕಲಸಿದ್ರೋ ನಿನಗ ಇದನ್ನ? ಅನುಸೂಯಾ? ಮುದುಕಿ ಉಪ್ಪು ಉಣ್ಣಲಿ ಅಂತ ಒಬ್ಬೊಬ್ರು ಒಂದೊಂದು ಕಟ್ಟತೀರಿ. ಯಮನೂರ ಮೊನ್ನೆ, ಕಟ್ಟಿಗಿ ಹಸೀ ಇದ್ದೂ ಅಂದ."

"ನಿನ್ನಾಣಿಬೇ, ಖರೇನ."

"ನನ್ನ ಸಮಾಧಾನಕ್ಕ ಹೇಳಾಕತ್ತೀಯಪಾ. ಹೇಳು, ಬ್ಯಾಡನ್ನಂಗಿಲ್ಲ."

ವರ್ಷವೆಲ್ಲ ಹೊತ್ತ ಸತ್ಯ ಹೀಗೆ ಪ್ರೀತಿಯ ಸುಳ್ಳಾಗಿ ಕಾಲ ಬಳಿ ಬಿದ್ದಿತ್ತು. ಎತ್ತಿಕೊಳ್ಳದೆ ಬಿಟ್ಟು ಹೋಗಬಹುದು ಎಂದು ಒಂದು ಗಳಿಗೆ ಅನ್ನಿಸಿತು. ಹೇಳಿಯಾಯಿತಲ್ಲ. ಆದರೆ ಕೈ ಕರವಸ್ತ್ರದ ಗಂಟು ಬಿಚ್ಚುತ್ತಿತ್ತು. "ಇಲ್ಲಿ ಕಿವಿ ಕೊಡು," ಎಂದು ಒಂದು ಚಿಟಿಕೆ ಪುಡಿಯನ್ನು ಒಲೆಯ ಕೆಂಡಕ್ಕೆ ಉದುರಿಸಿದ. ಬಿಳಿಯಾಗಿ ಇಳಿಯಿತು. ಕೆಂಪು ಮಂಕಾಯಿತು. ಒಲೆಯ ಒಳಗೆ ಏನೂ ಇಲ್ಲದಂತಾಯಿತು. ಅದರ ಪಕ್ಕದ ಕೆಂಡಕ್ಕೆ ನಾಲ್ಕು ಹರಳು ಉಪ್ಪು ಹಾಕಿದ. ಚಟ್, ಚಟಾರ್ ಎಂದು ಸಿಡಿದು ಒಂದು ಹರಳು ಹೊರಗೇ ಹಾರಿ ತಾಯಿಯ ಸೀರೆಯ ಮೇಲೆ ಬಿತ್ತು. ಹುಲಿಗವ್ವ ಹಿಂದೆ ಸರಿಯಲಿಲ್ಲ. ಬಗ್ಗಿ, ಮಂಕಾದ ಕೆಂಡದ ಹತ್ತಿರ ಮುಖ ತಂದು, ಬಹಳ ಹೊತ್ತು ಕೇಳಿಸಿಕೊಳ್ಳುತ್ತ ಕೂತಳು. ಆ ಮೌನ ಅವಳಿಗೆ ಗುರುತು ಸಿಕ್ಕಿತು. ಅದು ಅವಳ ಮುಖದಲ್ಲಿ ಕಂಡಿತು.

"ನಿನಗ ಯಾವಾಗ ಗೊತ್ತಾತು?"

ಮನೆಗೆ ಹೋದ ಮೇಲೆ ಎನ್ನಬಹುದಿತ್ತು. ಅದಕ್ಕೆ ಪರೀಕ್ಷೆಯಿಲ್ಲ, ಸುಟ್ಟು ನೋಡುವಂಥದಲ್ಲ. "ನೀ ಎತಗೊಂಡ ಹೊಂಟಾಗ," ಎಂದ.

"ಕರೀಲಿಲ್ಲ."

"ಕರೀಲಿಲ್ಲ. ಮಂದಿ ನಗತಾರಂತ."

ಹೊರಗೆ ಹಲಗೆಯ ಬಡಿತ ಏರಿತು. ಗಾಳಿ ಬಾಗಿಲನ್ನು ಒಮ್ಮೆ ತೆರೆದು ಒಮ್ಮೆ ಮುಚ್ಚಿತು. ಬೈಯುತ್ತಾಳೆಂದು ಕಾದ. ಬೈದರೆ ಸಾಕೆಂದು ಕಾದ. ಅವಳು ಸೀರೆಯ ಮೇಲೆ ಬಿದ್ದ ಹರಳನ್ನು ಬೆರಳಿನಿಂದ ಹುಡುಕಿ ತೆಗೆದು ನೆಲದ ಮೇಲಿಟ್ಟಳು. "ಆ ಉಪ್ಪು ಏನ್ ಮಾಡಿದ್ರಿ?"

"ಉಂಡ್ವಿ."

"ವರ್ಷಪೂರ್ತಿ?"

"ತೀರೂ ತನಕ ಉಂಡ್ವಿ."

"ನೀವು ಉಂಡ್ರಿ, ನಾ ಬಿಟ್ಟೆ." ಹೊಲದ ಬದುವಿನ ಮೇಲೆ ಕೂತು ಕಾಳು ಹಂಚುವವಳ ದನಿ ಅದು, ಸಿಟ್ಟಿರಲಿಲ್ಲ. "ನಾ ಬಿಟ್ಟದ್ರಾಗ ದೇವ್ರ ಉಪ್ಪು ಆತಗ ಮುಟ್ಟೈತಿ. ನಾ ತೀರಿಸೀನಿ ಅದನ್ನ." ಆಮೇಲೆ ಅವನು ತಾಯಿಯ ಮುಂದೆ ನೆಲದ ಮೇಲಿಟ್ಟಿದ್ದ ಉಪ್ಪಿನ ಚೀಲವನ್ನು ಬೆರಳ ತುದಿಯಿಂದ ಅವನ ಕಡೆಗೆ ದೂಡಿದಳು. "ಇದನ್ನ ನೀ ಒಯ್ದು ಹಾಕು. ಇನ್ನ ಮ್ಯಾಲೆ ನಿಂದು ನೀನ ಹಾಕ್ಕೊ."

"ಅವ್ವಾ, ನೀ ಇರೂ ತನಕ ನೀನ ಹಾಕಬೇಕಲ್ಲಬೇ. ಹರಕಿ ನಿಂದು."

"ನಡೀ, ಕೆಂಡ ಆರತಾವ."

ತನ್ನ ಹೆಸರಿನ ಉಪ್ಪನ್ನು ತಾನೇ ಹಿಡಿದುಕೊಂಡು ಅವನು ಎಂದೂ ಆ ದಾರಿ ನಡೆದಿರಲಿಲ್ಲ. ಮುಂದೆ ಯಾವಾಗಲೂ ಆ ಬೆನ್ನು ಇರುತ್ತಿತ್ತು. ಬೆಂಕಿಗೂ ಅವನಿಗೂ ನಡುವೆ ಒಂದು ಸೀರೆಯ ಬೆನ್ನು. ಈಗ ಕುಣಿಯ ಬಿಸಿ ನೇರ ಎದೆಗೆ ಬಂತು. ದೇವರ ಪಂಜಾ ಹಿಡಿದವರು ಸುತ್ತು ಹಾಕುತ್ತಿದ್ದರು. ಅಮರಪ್ಪ ಅಲ್ಲೇ ಇದ್ದ. "ಏನೋ ಹುಸೇನಾ, ಈ ವರ್ಷ ಮಾತಾಡೂ ಉಪ್ಪು ತಂದೀಯಿಲ್ಲ? ನಿಮ್ಮವ್ವ ಎಲ್ಲಿ?" ಎಂದ.

"ಹೋದ ವರ್ಷದ್ದು ಉಪ್ಪಲ್ಲ ಕಾಕಾ, ರಂಗೋಲಿ," ಎಂದ ಹುಸೇನಪ್ಪ. "ನಾ ತಂದಿದ್ದು. ನನಗ ಗೊತ್ತಿತ್ತು."

ಅಮರಪ್ಪ ತೊಡೆ ತಟ್ಟಿ ನಕ್ಕ. ಪಕ್ಕದವನಿಗೆ ಹೇಳಿದ, ಅವನೂ ನಕ್ಕ. ನಗು ಕುಣಿಯ ಸುತ್ತ ಒಬ್ಬರಿಂದೊಬ್ಬರಿಗೆ ಹೋಯಿತು. ಇಷ್ಟೇ ಇತ್ತು ಅದು. ಇಷ್ಟಕ್ಕಾಗಿ. ಊದಿನ ತಟ್ಟೆ ಹಿಡಿದಿದ್ದ ದಾವಲಬೀ ಮಾತ್ರ ನಗದೆ ಅವನನ್ನೇ ನೋಡಿದಳು. "ಆಕಿ ವರ್ಷಪೂರ್ತಿ ಸಪ್ಪನ್ನ ಉಂಡ್ಲಲ್ಲೋ," ಎಂದಳು. ಅವನು ಉಪ್ಪು ಚೆಲ್ಲಿದ. ಚಟ ಚಟ ಎಂದು ಹಿಡಿಹಿಡಿಯಾಗಿ ಸಿಡಿಯಿತು, ಜನ "ದೂಲಾ" ಎಂದರು. ಅವನು ಕಿವಿಗೊಟ್ಟು ನಿಂತ. ಆ ಸದ್ದಿನ ಅಡಿಯಲ್ಲಿ ಒಂದು ತಾಟಿನಗಲದ ಜಾಗ ಸುಮ್ಮನಿದ್ದಂತೆ ಕೇಳುತ್ತಿತ್ತು. ಕಣ್ಣಿಗೆ ಎಲ್ಲ ಕಡೆ ಕೆಂಡವೇ ಕಂಡಿತು.

ವಾಪಸು ಬಂದಾಗ ತಾಯಿ ತಾಟು ಮುಂದಿಟ್ಟುಕೊಂಡಿದ್ದಳು. ರೊಟ್ಟಿ, ಅವಳಿಗೆಂದು ಉಪ್ಪು ಹಾಕದ ಹಿಂಡಿ ಪಲ್ಯ. ತಮ್ಮನ ಹೆಂಡತಿ ಬಂದು ಬಡಿಸಿರಬೇಕು. ಬಡಿಸಿದವಳು ತಾಟಿನ ಅಂಚಿಗೆ ಒಂದು ಚಿಟಿಕೆ ಉಪ್ಪನ್ನೂ ಇಟ್ಟಿದ್ದಳು.

"ಸಿಡೀತಬೇ," ಎಂದ ಬಾಗಿಲಲ್ಲೇ ನಿಂತು.

"ಕೇಳಿಸ್ತು," ಎಂದಳು.

ಮಸೂತಿ ಊರಿನ ಆ ತುದಿಗಿತ್ತು. ಹಲಗೆಯ ಸದ್ದಿನಲ್ಲಿ ಇಲ್ಲಿಂದ ಎದುರುಮನೆಯವರ ಮಾತೂ ಕೇಳುವಂತಿರಲಿಲ್ಲ. ಅವನು ಹೊಸ್ತಿಲ ಒಳಗೆ ಕೂತ. ಹುಲಿಗವ್ವ ರೊಟ್ಟಿ ಮುರಿದು, ಪಲ್ಯಕ್ಕೆ ಅದ್ದಿ, ನಿಧಾನವಾಗಿ ಬಾಯಿಗಿಟ್ಟುಕೊಂಡಳು. ಇನ್ನೊಂದು ತುತ್ತು ಮುರಿದಳು. ಬೆರಳು ತಾಟಿನ ಅಂಚಿನವರೆಗೆ ಹೋಗಿ, ಉಪ್ಪಿನ ಪಕ್ಕದಲ್ಲೇ ಹಾದು, ಪಲ್ಯಕ್ಕೆ ಹೋಯಿತು. ಮೂರನೆಯ ತುತ್ತಿಗೂ ಹಾಗೇ. ಒಂದೊಂದು ತುತ್ತಿಗೂ ಅವನು ಆ ಬೆರಳನ್ನೇ ನೋಡುತ್ತಿದ್ದ. ಊಟ ಮುಗಿಸಿ ಅವಳು ತಾಟಿನಲ್ಲೇ ಕೈ ತೊಳೆದಳು. ಉಪ್ಪು ನೀರಿನಲ್ಲಿ ಕರಗಿತು.

"ನೀ ಉಣ್ಣಪಾ," ಎಂದಳು.